ಅವಧಿ ಮುಗಿದ ಮೇಲಿನ ತೀರ್ಪು: ತಂತ್ರಜ್ಞಾನ ಕಂಪನಿಗಳಿಗೆ ಒಂದು ಬಹಿರಂಗ ಪತ್ರ

ಭಾರತದ ನ್ಯಾಯಾಲಯಗಳಲ್ಲಿ ಪೇಟೆಂಟ್ ದಾವೆಗಳನ್ನು ಹೂಡಿರುವ ಹಾಗೂ ಎದುರಿಸುತ್ತಿರುವ ತಂತ್ರಜ್ಞಾನ ಕಂಪನಿಗಳ ಆಡಳಿತ ಮಂಡಳಿಗಳಿಗೆ ಮತ್ತು ಅವುಗಳ ಕಾನೂನು ಸಲಹೆಗಾರರಿಗೆ,



2024ರ ಮಾರ್ಚ್ 28ರಂದು ದೆಹಲಿ ಹೈಕೋರ್ಟು ಸ್ವೀಡನ್ನಿನ ಎರಿಕ್ಸನ್ ಮತ್ತು ನೊಯ್ಡಾದ ಲಾವಾ ಕಂಪನಿಗಳ ನಡುವಿನ ಮೊಕದ್ದಮೆಯಲ್ಲಿ ತೀರ್ಪು ನೀಡಿತು. ದಾವೆಯಲ್ಲಿದ್ದ ಎಂಟು ಪೇಟೆಂಟ್‌ಗಳ ಪೈಕಿ ಏಳನ್ನು ಎತ್ತಿಹಿಡಿದು, ಒಂದನ್ನು ಹೊಸತನವಿಲ್ಲದ ಕಾರಣಕ್ಕೆ ಅಸಿಂಧುವೆಂದು ತಳ್ಳಿಹಾಕಿದ ನ್ಯಾಯಾಲಯವು, ಲಾವಾ ಕಂಪನಿಯು ಸುಮಾರು 244 ಕೋಟಿ ರೂಪಾಯಿ ನಷ್ಟಪರಿಹಾರ ಕೊಡಬೇಕೆಂದು ಆದೇಶಿಸಿತು. ಪರವಾನಗಿಯ ಬಗ್ಗೆ ಪತ್ರವ್ಯವಹಾರ ಆರಂಭವಾದದ್ದು 2011ರಲ್ಲಿ, ದಾವೆ ದಾಖಲಾದದ್ದು 2015ರಲ್ಲಿ. ತೀರ್ಪು ಹೊರಬೀಳುವ ಹೊತ್ತಿಗೆ ಆ ಪೇಟೆಂಟ್‌ಗಳ ಅವಧಿಯೇ ಮುಗಿದುಹೋಗಿತ್ತು. ವಾದಿ ಕೇಳಿದ್ದ ಶಾಶ್ವತ ತಡೆಯಾಜ್ಞೆ, ಅಂದರೆ ಪರವಾನಗಿಯಿಲ್ಲದೆ ಆ ತಂತ್ರಜ್ಞಾನವನ್ನು ಬಳಸಬಾರದೆಂಬ ಆದೇಶ, ಆ ದಿನಕ್ಕೆ ಅರ್ಥ ಕಳೆದುಕೊಂಡಿತ್ತು. ಹಿಂದಿನ ಬಳಕೆಯ ಲೆಕ್ಕವಷ್ಟೇ ಉಳಿದಿತ್ತು, ಆ ಲೆಕ್ಕದ ಮೇಲೂ ಮೇಲ್ಮನವಿಗೆ ಕಾನೂನಿನಲ್ಲಿ ಅವಕಾಶವಿತ್ತು. ಈ ಮೊಕದ್ದಮೆಯಲ್ಲಿ ಯಾರು ಸರಿ, ಯಾರು ತಪ್ಪು ಎಂಬುದನ್ನು ನ್ಯಾಯಾಲಯ ಹೇಳಿಯಾಗಿದೆ. ಈ ಪತ್ರದ ಕಾಳಜಿ ಆ ಮಾತನ್ನು ಹೇಳಲು ಹಿಡಿದ ಕಾಲದ ಕುರಿತದ್ದು.

ಭಾರತದ 1970ರ ಪೇಟೆಂಟ್ ಕಾಯ್ದೆಯ ಪ್ರಕಾರ ಪೇಟೆಂಟ್ ಎಂಬುದು ಅರ್ಜಿ ಸಲ್ಲಿಸಿದ ದಿನದಿಂದ 20 ವರ್ಷಗಳವರೆಗೆ ಮಾತ್ರ ಜೀವಂತವಿರುವ ಹಕ್ಕು. ಆ ಇಪ್ಪತ್ತರಲ್ಲಿಯೂ ಹಲವು ವರ್ಷಗಳು ಪೇಟೆಂಟ್ ಕಚೇರಿಯ ಪರಿಶೀಲನೆಯಲ್ಲಿಯೇ ಕಳೆದುಹೋಗುತ್ತವೆ. ಆವಿಷ್ಕಾರಕನು ತನ್ನ ಆವಿಷ್ಕಾರದ ಗುಟ್ಟನ್ನು ಸಮಾಜಕ್ಕೆ ಬಿಚ್ಚಿಡುತ್ತಾನೆ, ಅದಕ್ಕೆ ಪ್ರತಿಯಾಗಿ ಸಮಾಜವು ಅವನಿಗೆ ಸೀಮಿತ ಕಾಲದ ಏಕಸ್ವಾಮ್ಯವನ್ನು ಕೊಡುತ್ತದೆ. ಈ ಒಪ್ಪಂದದಲ್ಲಿ ಸಮಾಜ ಕೊಡುವ ಏಕೈಕ ಪ್ರತಿಫಲವೆಂದರೆ ಕಾಲ. ಜಮೀನಿನ ದಾವೆ ಮೂರು ತಲೆಮಾರು ನಡೆದರೂ ಕೊನೆಗೆ ಗೆದ್ದವನಿಗೆ ಜಮೀನು ಅಲ್ಲಿಯೇ ಇರುತ್ತದೆ. ಪೇಟೆಂಟಿನ ದಾವೆಯಲ್ಲಾದರೋ ವಿಚಾರಣೆ ನಡೆಯುತ್ತಿರುವಾಗಲೇ ವ್ಯಾಜ್ಯದ ವಸ್ತು ಕರಗುತ್ತಾ ಹೋಗುತ್ತದೆ. ಇದೇ ಮಾತು ಎದುರಿನ ಕಕ್ಷಿಗೂ ಅನ್ವಯಿಸುತ್ತದೆ: ಕೊಡಲೇಬಾರದಾಗಿದ್ದ ಪೇಟೆಂಟ್ ಒಂದು ರದ್ದಾಗಲು ಹದಿನೈದು ವರ್ಷ ಹಿಡಿದರೆ, ಆ ಹದಿನೈದು ವರ್ಷಗಳ ಕಾಲ ಸಾರ್ವಜನಿಕರ ಸ್ವತ್ತಾಗಿರಬೇಕಾದದ್ದು ಖಾಸಗಿ ಬೇಲಿಯೊಳಗೆ ಉಳಿದಂತಾಗುತ್ತದೆ. ಆದುದರಿಂದ ಪೇಟೆಂಟ್ ವ್ಯಾಜ್ಯದಲ್ಲಿ ವಿಳಂಬವನ್ನು ಕೇವಲ ಕಾರ್ಯವಿಧಾನದ ದೋಷವೆಂದು ಕಾಣಲಾಗದು. ಪ್ರತಿಯೊಂದು ಮುಂದೂಡಿಕೆಯೂ ಆ ಹಕ್ಕಿನ ಒಂದು ಭಾಗವನ್ನು ಯಾವ ನ್ಯಾಯಾಧೀಶರ ಸಹಿಯೂ ಇಲ್ಲದೆ ಇತ್ಯರ್ಥ ಮಾಡಿಬಿಡುತ್ತದೆ.

ಮೊಬೈಲ್ ಉದ್ಯಮದಲ್ಲಿ ಈ ಸಮಸ್ಯೆ ಹೆಚ್ಚು ತೀವ್ರವಾಗಿರುವುದಕ್ಕೆ ಕಾರಣವನ್ನು ಅರಿಯಬೇಕಾದರೆ ಎರಡು ಪರಿಕಲ್ಪನೆಗಳನ್ನು ಗಮನಿಸಬೇಕು. ಒಂದು ಕಂಪನಿಯ ಫೋನು ಮತ್ತೊಂದು ಕಂಪನಿಯ ಗೋಪುರದೊಡನೆ ಮಾತನಾಡಬೇಕಾದರೆ ಎಲ್ಲರೂ ಒಂದೇ ತಾಂತ್ರಿಕ ಮಾನಕವನ್ನು ಪಾಲಿಸಬೇಕಾಗುತ್ತದೆ. ಯುರೋಪಿನ ದೂರಸಂಪರ್ಕ ಮಾನಕ ಸಂಸ್ಥೆಯಾದ ಎಟ್ಸಿಯಂತಹ ಸಂಸ್ಥೆಗಳು ಇಂತಹ ಮಾನಕಗಳನ್ನು ರೂಪಿಸುತ್ತವೆ. ಮಾನಕವನ್ನು ಪಾಲಿಸಬೇಕಾದರೆ ಬಳಸದೆ ವಿಧಿಯಿಲ್ಲದ ಆವಿಷ್ಕಾರದ ಮೇಲಿನ ಪೇಟೆಂಟನ್ನು ಮಾನಕಕ್ಕೆ ಅನಿವಾರ್ಯವಾದ ಪೇಟೆಂಟ್ ಎನ್ನುತ್ತಾರೆ. ಇಂತಹ ಪೇಟೆಂಟಿನ ಒಡೆಯನಿಗೆ ಇಡೀ ಮಾರುಕಟ್ಟೆಯ ಬಾಗಿಲಿನ ಕೀಲಿಕೈ ಸಿಕ್ಕಂತಾಗುವುದರಿಂದ, ಅದನ್ನು ನ್ಯಾಯಯುತ, ಸಮಂಜಸ ಮತ್ತು ತಾರತಮ್ಯವಿಲ್ಲದ ಷರತ್ತುಗಳ ಮೇಲೆ ಪರವಾನಗಿಗೆ ಕೊಡುವುದಾಗಿ ಅವನು ಮಾನಕ ಸಂಸ್ಥೆಗೆ ವಚನ ಕೊಡಬೇಕು. ಈ ವಚನವನ್ನೇ ಫ್ರಾಂಡ್ ಎಂದು ಕರೆಯಲಾಗುತ್ತದೆ. ಎರಿಕ್ಸನ್ ಮತ್ತು ಲಾವಾ ದಾವೆಯ ಪೇಟೆಂಟ್‌ಗಳು ಮಾತಿನ ಧ್ವನಿಯನ್ನು ಸಂಕೇತಗಳಾಗಿ ಮಾರ್ಪಡಿಸುವ ಎಎಂಆರ್ ತಂತ್ರಕ್ಕೆ, ದತ್ತಾಂಶ ರವಾನೆಯ ಎಡ್ಜ್ ತಂತ್ರಕ್ಕೆ ಮತ್ತು 3ಜಿಗೆ ಸಂಬಂಧಿಸಿದ ಇಂತಹವೇ ಆಗಿದ್ದವು. ವಚನವೇನೋ ಇದೆ, ಆದರೆ ಸಮಂಜಸವಾದ ದರ ಎಷ್ಟು ಎಂಬುದನ್ನು ಅದು ಹೇಳುವುದಿಲ್ಲ. ಆ ಖಾಲಿ ಜಾಗದಲ್ಲಿಯೇ ವಿಳಂಬದ ತಂತ್ರಗಳೆಲ್ಲವೂ ಬೇರುಬಿಡುತ್ತವೆ.

ಮೊದಲನೆಯ ಬಗೆಯ ವಿಳಂಬವು ತಂತ್ರಜ್ಞಾನವನ್ನು ಬಳಸುವ ಕಂಪನಿಗಳದು. ಪರವಾನಗಿಯನ್ನು ನೇರವಾಗಿ ನಿರಾಕರಿಸದೆ, ಪಡೆಯಲೂ ಪಡೆಯದೆ ಕಾಲ ತಳ್ಳುವ ಈ ನಡೆಯನ್ನು ಕಾನೂನು ವಲಯದಲ್ಲಿ ಹೋಲ್ಡ್ ಔಟ್ ಎಂದು ಕರೆಯುತ್ತಾರೆ. ಅದರ ಹೆಜ್ಜೆಗಳು ಪರಿಚಿತವಾದವು. ಮೊದಲ ಪತ್ರಕ್ಕೆ ತಿಂಗಳುಗಟ್ಟಲೆ ಉತ್ತರವಿರುವುದಿಲ್ಲ. ಉತ್ತರ ಬಂದಾಗ ಗೋಪ್ಯತಾ ಒಪ್ಪಂದದ ಒಂದೊಂದು ಪದದ ಮೇಲೆಯೂ ಚರ್ಚೆ ನಡೆಯುತ್ತದೆ. ಅದು ಮುಗಿದ ಮೇಲೆ ಪ್ರತಿಯೊಂದು ಪೇಟೆಂಟಿನ ತಾಂತ್ರಿಕ ವಿವರಗಳನ್ನು ಕೇಳಲಾಗುತ್ತದೆ. ವಿವರ ಬಂದರೆ ಚಿಪ್ ತಯಾರಕರನ್ನೇ ಕೇಳಿ ಎಂಬ ಉತ್ತರ ಸಿಗುತ್ತದೆ. ಕೊನೆಗೆ ದಾವೆಯ ಸುಳಿವು ಸಿಕ್ಕೊಡನೆ ಬೇರೊಂದು ವೇದಿಕೆಯಲ್ಲಿ ಮೊದಲೇ ಅರ್ಜಿ ಬೀಳುತ್ತದೆ. ಎರಿಕ್ಸನ್ ಮತ್ತು ಇಂಟೆಕ್ಸ್ ಪ್ರಕರಣದಲ್ಲಿ 2023ರ ಮಾರ್ಚ್ 29ರಂದು ತೀರ್ಪಿತ್ತ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠದ ಮುಂದೆ ಇಂತಹದೇ ಚಿತ್ರವಿತ್ತು: ಸ್ಪರ್ಧಾ ಆಯೋಗದ ಮುಂದೆ ಎರಿಕ್ಸನ್ ಪೇಟೆಂಟ್‌ಗಳು ಮಾನಕಕ್ಕೆ ಅನಿವಾರ್ಯವೆಂಬ ನೆಲೆಯಲ್ಲಿ ದೂರು ಸಲ್ಲಿಸಿದ್ದ ಇಂಟೆಕ್ಸ್ ಕಂಪನಿಯೇ ಬೇರೆ ವೇದಿಕೆಗಳಲ್ಲಿ ಅವೇ ಪೇಟೆಂಟ್‌ಗಳ ಸಿಂಧುತ್ವವನ್ನು ಪ್ರಶ್ನಿಸುತ್ತಿತ್ತು. ಫ್ರಾಂಡ್ ಎಂಬುದು ಪೇಟೆಂಟಿನ ಒಡೆಯನ ಹೊಣೆ ಮಾತ್ರವಲ್ಲ, ಬಳಸುವವನೂ ಪ್ರಾಮಾಣಿಕವಾಗಿ ಮಾತುಕತೆ ನಡೆಸಬೇಕು, ವ್ಯಾಜ್ಯ ಮುಗಿಯುವವರೆಗೆ ಹಣವನ್ನು ಭದ್ರತೆಯಾಗಿ ಇಡಬೇಕು ಎಂಬುದು ಆ ಪೀಠದ ನಿರ್ಣಯದ ತಿರುಳು.

ಈ ನಡೆ ಲಾಭದಾಯಕವಾಗುವುದು ಹೇಗೆಂಬುದನ್ನು ಆಡಳಿತ ಮಂಡಳಿಗಳಿಗೆ ವಿವರಿಸಬೇಕಾಗಿಲ್ಲವಾದರೂ ಓದುಗರಿಗಾಗಿ ಹೇಳಬೇಕು. ಒಂದು ಫೋನಿನ ಮಾದರಿ ಮಾರುಕಟ್ಟೆಯಲ್ಲಿ ನಿಲ್ಲುವುದು ಒಂದೆರಡು ವರ್ಷ. ದಾವೆ ಮುಗಿಯುವ ಹೊತ್ತಿಗೆ ಆ ಮಾದರಿ ಮಾತ್ರವಲ್ಲ, ಅದರ ತಲೆಮಾರಿನ ತಂತ್ರಜ್ಞಾನವೇ ಮರೆಯಾಗಿರುತ್ತದೆ. ಅಲ್ಲಿಯವರೆಗೆ ಕೊಡದೆ ಉಳಿಸಿಕೊಂಡ ರಾಯಧನವು ಕಂಪನಿಯ ಕೈಯಲ್ಲಿ ದುಡಿಯುವ ಬಂಡವಾಳವಾಗುತ್ತದೆ. ಸೋತರೂ ಕೊಡಬೇಕಾದದ್ದು ಮೊದಲೇ ಕೊಡಬಹುದಾಗಿದ್ದ ಮೊತ್ತ ಮತ್ತು ಒಂದಿಷ್ಟು ಬಡ್ಡಿ. ಗೆದ್ದರೆ ಅದೂ ಇಲ್ಲ. ಇದರ ಹೊರೆ ಬೀಳುವುದು ಪೇಟೆಂಟಿನ ಒಡೆಯನ ಮೇಲೆ ಮಾತ್ರವಲ್ಲ: ಅದೇ ಮಾರುಕಟ್ಟೆಯಲ್ಲಿ ಮೊದಲ ವರ್ಷವೇ ಪರವಾನಗಿ ಪಡೆದು ರಾಯಧನ ಕಟ್ಟಿದ ಪ್ರತಿಸ್ಪರ್ಧಿ ತನ್ನ ಪ್ರಾಮಾಣಿಕತೆಗೆ ಪ್ರತಿ ಫೋನಿನ ಬೆಲೆಯಲ್ಲಿ ದಂಡ ತೆರುತ್ತಾನೆ.

ಎರಡನೆಯ ಬಗೆಯ ವಿಳಂಬವು ಪೇಟೆಂಟಿನ ಒಡೆಯರದು, ಮತ್ತು ಅದರ ಬಗ್ಗೆ ಮೌನ ವಹಿಸುವ ಯಾವ ಚರ್ಚೆಯೂ ನ್ಯಾಯಸಮ್ಮತವಾಗಲಾರದು. ಫೋನು ತಯಾರಕ ಕಂಪನಿಯಾದ ಮೈಕ್ರೋಮ್ಯಾಕ್ಸ್ ಸಲ್ಲಿಸಿದ ದೂರಿನ ಮೇಲೆ ಭಾರತದ ಸ್ಪರ್ಧಾ ಆಯೋಗವು 2013ರ ನವೆಂಬರ್‌ನಲ್ಲಿ ಎರಿಕ್ಸನ್ ವಿರುದ್ಧ ತನಿಖೆಗೆ ಆದೇಶಿಸಿತು; ಪೇಟೆಂಟ್ ಇರುವುದು ಫೋನಿನ ಒಂದು ಭಾಗಕ್ಕಾದರೂ ರಾಯಧನವನ್ನು ಇಡೀ ಫೋನಿನ ಬೆಲೆಯ ಮೇಲೆ ಲೆಕ್ಕಹಾಕುವುದು ಸರಿಯೇ ಎಂಬ ಗಂಭೀರ ಪ್ರಶ್ನೆ ಅಲ್ಲಿತ್ತು. ಆಯೋಗಕ್ಕೆ ಇದನ್ನು ವಿಚಾರಿಸುವ ಅಧಿಕಾರವಿದೆಯೇ ಎಂಬ ವಿವಾದ ಹೈಕೋರ್ಟಿಗೆ ಹೋಯಿತು. 2016ರ ಮಾರ್ಚ್‌ನಲ್ಲಿ ಏಕಸದಸ್ಯ ಪೀಠವು ಇದೆ ಎಂದಿತು. 2023ರ ಜುಲೈನಲ್ಲಿ ವಿಭಾಗೀಯ ಪೀಠವು ಇಲ್ಲ ಎಂದಿತು. 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಆಯೋಗದ ಮೇಲ್ಮನವಿಯನ್ನು ವಜಾ ಮಾಡಿತು. ಅಧಿಕಾರವ್ಯಾಪ್ತಿಯನ್ನು ಪ್ರಶ್ನಿಸುವುದು ಯಾವುದೇ ಕಕ್ಷಿಯ ಕಾನೂನುಬದ್ಧ ಹಕ್ಕು, ಅಂತಿಮವಾಗಿ ಆ ವಾದವೇ ಗೆದ್ದಿದೆ ಕೂಡ. ಆದರೆ ಯಾರು ವಿಚಾರಿಸಬೇಕು ಎಂಬ ಪ್ರಶ್ನೆಗೆ ಸುಮಾರು ಹನ್ನೆರಡು ವರ್ಷ ಸಂದವು, ಏನನ್ನು ವಿಚಾರಿಸಬೇಕಾಗಿತ್ತೋ ಅದು ಆ ಆಯೋಗದ ಮುಂದೆ ತೀರ್ಮಾನವಾಗಲೇ ಇಲ್ಲ. ಇದಲ್ಲದೆ, ತಾನು ಇತರರಿಗೆ ಕೊಟ್ಟ ದರಗಳನ್ನು ಗೋಪ್ಯತೆಯ ಹೆಸರಿನಲ್ಲಿ ಮುಚ್ಚಿಟ್ಟು, ತನ್ನ ದರ ತಾರತಮ್ಯವಿಲ್ಲದ್ದೆಂದು ನಂಬುವಂತೆ ಎದುರಾಳಿಯನ್ನು ಕೇಳುವ ಒಡೆಯನೂ ವಿಳಂಬಕ್ಕೆ ಸಮಾನ ಹೊಣೆಗಾರನೇ.

ವೇಗವೂ ಒಂದೇ ಬದಿಗೆ ದೊರೆತರೆ ಅನ್ಯಾಯವಾಗುತ್ತದೆ ಎಂಬುದಕ್ಕೆ ಜರ್ಮನಿ ನಿದರ್ಶನ. ಅಲ್ಲಿ ಪೇಟೆಂಟ್ ಉಲ್ಲಂಘನೆಯ ಪ್ರಶ್ನೆಯನ್ನು ಡ್ಯುಸೆಲ್‌ಡಾರ್ಫ್, ಮ್ಯಾನ್‌ಹೈಮ್, ಮ್ಯೂನಿಕ್ ನಗರಗಳಲ್ಲಿರುವಂತಹ ಪ್ರಾದೇಶಿಕ ನ್ಯಾಯಾಲಯಗಳೂ, ಪೇಟೆಂಟ್ ಸಿಂಧುವೇ ಎಂಬ ಪ್ರಶ್ನೆಯನ್ನು ಪ್ರತ್ಯೇಕವಾದ ಸಂಯುಕ್ತ ಪೇಟೆಂಟ್ ನ್ಯಾಯಾಲಯವೂ ವಿಚಾರಿಸುತ್ತವೆ. ಮೊದಲನೆಯದು ಬೇಗ, ಎರಡನೆಯದು ನಿಧಾನ. ಹೀಗಾಗಿ ಮುಂದೆ ರದ್ದಾಗಬಹುದಾದ ಪೇಟೆಂಟಿನ ಆಧಾರದ ಮೇಲೆ ಇಂದೇ ಮಾರಾಟ ನಿಲ್ಲಿಸುವ ಆದೇಶ ಹೊರಬೀಳಬಹುದಾಗಿತ್ತು. ಈ ಅಂತರವನ್ನು ತಗ್ಗಿಸಲೆಂದೇ 2021ರ ತಿದ್ದುಪಡಿಯು ಪೇಟೆಂಟ್ ನ್ಯಾಯಾಲಯವು ಸುಮಾರು ಆರು ತಿಂಗಳೊಳಗೆ ತನ್ನ ಪ್ರಾಥಮಿಕ ಅಭಿಪ್ರಾಯವನ್ನು ತಿಳಿಸಬೇಕೆಂದು ವಿಧಿಸಿತು.

ಎರಡು ದಾರಿಗಳು ಏಕಕಾಲಕ್ಕೆ ತೆರೆದಿರುವಾಗ ನ್ಯಾಯವು ಗಡಿಯಾರದ ಕೈಗೆ ಸಿಕ್ಕಿಬೀಳುತ್ತದೆ. ಅಮೆರಿಕದಲ್ಲಿ ವರ್ನೆಟ್‌ಎಕ್ಸ್ ಎಂಬ ಕಂಪನಿಯು 2010ರಿಂದ ಆಪಲ್ ವಿರುದ್ಧ ಸುರಕ್ಷಿತ ಸಂವಹನದ ಪೇಟೆಂಟ್‌ಗಳ ಕುರಿತು ಹೋರಾಡಿತು. ಒಂದು ದಾವೆಯ ತೀರ್ಪು ಅಂತಿಮ ಹಂತ ತಲುಪಿ 2020ರಲ್ಲಿ ಆಪಲ್ ಸುಮಾರು 45 ಕೋಟಿ ಡಾಲರ್ ಪಾವತಿಸಿತು. ಅದೇ ವರ್ಷ ಎರಡನೆಯ ದಾವೆಯಲ್ಲಿ ತೀರ್ಪುಗಾರರ ಮಂಡಳಿಯು ಸುಮಾರು 50 ಕೋಟಿ ಡಾಲರ್ ನಿಗದಿ ಮಾಡಿತಾದರೂ, ಆ ಹೊತ್ತಿಗಾಗಲೇ ಪೇಟೆಂಟ್ ಕಚೇರಿಯ ಮರುಪರಿಶೀಲನೆಯಲ್ಲಿ ಆ ಪೇಟೆಂಟ್‌ಗಳ ಹಕ್ಕುಕೋರಿಕೆಗಳು ಬಿದ್ದುಹೋಗಿದ್ದವು. 2023ರಲ್ಲಿ ಮೇಲ್ಮನವಿ ನ್ಯಾಯಾಲಯವು ಆ ರದ್ದತಿಯನ್ನು ಎತ್ತಿಹಿಡಿದಾಗ ಎರಡನೆಯ ಮೊತ್ತ ಇಲ್ಲವಾಯಿತು. ಮರುಪರಿಶೀಲನೆ ಕಾನೂನು ಕೊಟ್ಟಿರುವ ಸರಿಯಾದ ದಾರಿಯೇ. ಅದರ ಫಲಿತಾಂಶವೂ ಸರಿಯಿರಬಹುದು. ಆದರೆ ಒಂದೇ ಪೇಟೆಂಟ್ ಒಂದು ದಾವೆಯಲ್ಲಿ ಕೋಟ್ಯಂತರ ಡಾಲರ್ ತಂದು ಮತ್ತೊಂದರಲ್ಲಿ ಬೆಲೆಯಿಲ್ಲದ್ದಾದದ್ದಕ್ಕೆ ಯಾವ ಪ್ರಕ್ರಿಯೆ ಮೊದಲು ಮುಗಿಯಿತು ಎಂಬುದೇ ಕಾರಣವಾದಾಗ, ಅಂತಹ ವ್ಯವಸ್ಥೆಯಲ್ಲಿ ಕಾಲವನ್ನು ಹಿಗ್ಗಿಸಬೇಕೆಂಬ ಆಸೆ ಯಾವ ಕಂಪನಿಗಾದರೂ ಹುಟ್ಟದಿರದು.

ಭಾರತದಲ್ಲಿಯೂ ಈ ತೊಡಕು ಇತ್ತು. ಗಾಳಿಯಂತ್ರಗಳ ಪೇಟೆಂಟ್ ಕುರಿತ ಅಲೋಯ್ಸ್ ವೊಬೆನ್ ಮತ್ತು ಯೋಗೇಶ್ ಮೆಹ್ರಾ ಪ್ರಕರಣದಲ್ಲಿ, ಪೇಟೆಂಟ್ ರದ್ದತಿಗಾಗಿ ಬೌದ್ಧಿಕ ಸ್ವತ್ತಿನ ಮೇಲ್ಮನವಿ ಮಂಡಳಿಯ ಮುಂದೆ ಅರ್ಜಿಗಳೂ, ಹೈಕೋರ್ಟಿನಲ್ಲಿ ಪ್ರತಿದಾವೆಗಳೂ ಜೊತೆಜೊತೆಗೆ ಸಾಗಿದ್ದವು. ಒಂದೇ ಪರಿಹಾರವನ್ನು ಎರಡು ಬಾಗಿಲುಗಳಲ್ಲಿ ಕೇಳುವಂತಿಲ್ಲ, ಒಂದನ್ನು ಆರಿಸಿಕೊಳ್ಳಬೇಕು ಎಂದು ಸುಪ್ರೀಂ ಕೋರ್ಟು 2014ರ ಜೂನ್ 2ರಂದು ಹೇಳಿತು. ಸದಸ್ಯರ ನೇಮಕವಿಲ್ಲದೆ ದೀರ್ಘಕಾಲ ಸೊರಗಿದ್ದ ಆ ಮಂಡಳಿಯೇ 2021ರ ಏಪ್ರಿಲ್‌ನಲ್ಲಿ ರದ್ದಾಗಿ, ಅದರ ಪ್ರಕರಣಗಳು ಹೈಕೋರ್ಟುಗಳಿಗೆ ವರ್ಗವಾದವು. ಬಾಗಿಲುಗಳ ಈ ಆಟ ದೇಶಗಳ ನಡುವೆಯೂ ನಡೆದಿದೆ: ಇಂಟರ್‌ಡಿಜಿಟಲ್ ಕಂಪನಿಯು 2020ರಲ್ಲಿ ದೆಹಲಿಯಲ್ಲಿ ಶಿಯೋಮಿ ವಿರುದ್ಧ ದಾವೆ ಹೂಡಿದಾಗ, ಚೀನಾದ ವುಹಾನ್ ನ್ಯಾಯಾಲಯವು ಸೆಪ್ಟೆಂಬರ್‌ನಲ್ಲಿ ಆ ದೆಹಲಿ ದಾವೆಯನ್ನು ಮುಂದುವರಿಸಬಾರದೆಂದು ಆದೇಶಿಸಿತು; ದೆಹಲಿ ಹೈಕೋರ್ಟು ಅಕ್ಟೋಬರ್‌ನಲ್ಲಿ ಆ ಆದೇಶದ ಜಾರಿಗೇ ತಡೆ ಕೊಟ್ಟು, 2021ರ ಮೇ 3ರಂದು ಅದನ್ನು ದೃಢಪಡಿಸಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಎರಡೂ ಕಂಪನಿಗಳು ರಾಜಿಯಾದವು. ಪೇಟೆಂಟ್ ಉಲ್ಲಂಘನೆಯಾಗಿದೆಯೇ, ದರ ಎಷ್ಟು ಎಂಬ ಮೂಲ ಪ್ರಶ್ನೆಗಳು ದೆಹಲಿಯಲ್ಲಿ ಇತ್ಯರ್ಥವಾಗುವ ಮಾತಿರಲಿ, ಎರಡು ದೇಶಗಳ ನ್ಯಾಯಾಲಯಗಳ ಶ್ರಮವು ದಾವೆ ನಡೆಯಬಹುದೇ ಎಂಬುದರಲ್ಲಿಯೇ ಸವೆದುಹೋಯಿತು.

ನ್ಯಾಯಾಂಗವೂ ಶಾಸಕಾಂಗವೂ ಕೈಕಟ್ಟಿ ಕುಳಿತಿಲ್ಲ. ಒಂದು ಸಿಲಿಂಡರಿಗೆ ಎರಡು ಸ್ಪಾರ್ಕ್ ಪ್ಲಗ್ ಅಳವಡಿಸುವ ಎಂಜಿನ್ ಕುರಿತು ಪುಣೆಯ ಬಜಾಜ್ ಮತ್ತು ಹೊಸೂರಿನ ಟಿವಿಎಸ್ ಕಂಪನಿಗಳ ನಡುವೆ 2007ರಲ್ಲಿ ಎದ್ದ ವ್ಯಾಜ್ಯದಲ್ಲಿ, ಸುಪ್ರೀಂ ಕೋರ್ಟು 2009ರ ಸೆಪ್ಟೆಂಬರ್ 16ರಂದು ಮುಖ್ಯವಾದ ಮಾತನ್ನು ದಾಖಲಿಸಿತು: ಬೌದ್ಧಿಕ ಸ್ವತ್ತಿನ ದಾವೆಗಳು ವರ್ಷಗಟ್ಟಲೆ ಉಳಿದು, ಹೋರಾಟವೆಲ್ಲ ಮಧ್ಯಂತರ ತಡೆಯಾಜ್ಞೆಯ ಸುತ್ತಲೇ ನಡೆಯುತ್ತದೆ, ಆದ್ದರಿಂದ ಇಂತಹ ದಾವೆಗಳನ್ನು ದಿನನಿತ್ಯ ವಿಚಾರಣೆ ನಡೆಸಿ ಸಾಮಾನ್ಯವಾಗಿ ನಾಲ್ಕು ತಿಂಗಳೊಳಗೆ ಮುಗಿಸಬೇಕು. ಆ ದಾವೆಯನ್ನೇ ಅದೇ ವರ್ಷದ ನವೆಂಬರ್ 30ರೊಳಗೆ ತೀರ್ಮಾನಿಸಬೇಕೆಂದೂ ಹೇಳಿತು. ಎರಡೂ ಕಂಪನಿಗಳು ರಾಜಿ ಮಾಡಿಕೊಂಡದ್ದು 2019ರಲ್ಲಿ. ದೇಶದ ಅತ್ಯುನ್ನತ ನ್ಯಾಯಾಲಯ ನಿಗದಿಪಡಿಸಿದ ಗಡುವಿಗೂ ವಾಸ್ತವಕ್ಕೂ ನಡುವೆ ಹತ್ತು ವರ್ಷಗಳ ಅಂತರ ಉಳಿಯಿತೆಂಬುದನ್ನು ಈ ಪತ್ರದ ಓದುಗರು ಗಂಭೀರವಾಗಿ ಪರಿಗಣಿಸಬೇಕು.

ಅದಾದ ಮೇಲೆ ಬಂದ 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯು ಪ್ರತಿವಾದಿ ತನ್ನ ಲಿಖಿತ ಹೇಳಿಕೆಯನ್ನು 30 ದಿನಗಳಲ್ಲಿ, ಹೆಚ್ಚೆಂದರೆ 120 ದಿನಗಳಲ್ಲಿ ಸಲ್ಲಿಸಬೇಕೆಂದೂ, ಮೀರಿದರೆ ಆ ಹಕ್ಕನ್ನೇ ಕಳೆದುಕೊಳ್ಳುತ್ತಾನೆಂದೂ ವಿಧಿಸಿತು. ಇದು ಕಡ್ಡಾಯವೆಂದು 2019ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ವೆಚ್ಚವನ್ನು ಯಾರು ಭರಿಸಬೇಕೆಂದು ನಿರ್ಧರಿಸುವಾಗ ಕಕ್ಷಿದಾರರ ನಡತೆಯನ್ನು ಪರಿಗಣಿಸುವ ಅಧಿಕಾರವನ್ನೂ ಅದೇ ಕಾಯ್ದೆ ಕೊಟ್ಟಿತು. ದೆಹಲಿ ಹೈಕೋರ್ಟು 2021ರಲ್ಲಿ ಬೌದ್ಧಿಕ ಸ್ವತ್ತಿನ ವಿಭಾಗವನ್ನು ತೆರೆದು, 2022ರ ಪೇಟೆಂಟ್ ದಾವೆಗಳ ನಿಯಮಗಳಲ್ಲಿ ಉಲ್ಲಂಘನೆ ಮತ್ತು ಅಸಿಂಧುತ್ವದ ವಾದಗಳನ್ನು ಆರಂಭದಲ್ಲಿಯೇ ಸಂಕ್ಷಿಪ್ತ ಟಿಪ್ಪಣಿಗಳಾಗಿ ಕೊಡಬೇಕೆಂದು ವಿಧಿಸಿತು. ನೋಕಿಯಾ ಮತ್ತು ಒಪ್ಪೊ ಪ್ರಕರಣದಲ್ಲಿ 2023ರ ಜುಲೈ 3ರಂದು ಅದರ ವಿಭಾಗೀಯ ಪೀಠವು, 2018ರ ಹಳೆಯ ಪರವಾನಗಿಯಡಿ ಒಪ್ಪೊ ಪಾವತಿಸಿದ್ದ ಮೊತ್ತದಲ್ಲಿ ಭಾರತದ ಮಾರಾಟದ ಪಾಲಾದ ಶೇಕಡ 23ರಷ್ಟನ್ನು ವಿಚಾರಣೆಯ ಆರಂಭದ ಹಂತದಲ್ಲಿಯೇ ಠೇವಣಿ ಇಡಬೇಕೆಂದಿತು. ಠೇವಣಿಯ ಮಹತ್ವ ಇಲ್ಲಿದೆ: ಹಣ ಒಮ್ಮೆ ನ್ಯಾಯಾಲಯದ ವಶಕ್ಕೆ ಹೋದರೆ ವಿಳಂಬದಿಂದ ಯಾರಿಗೂ ಲಾಭವಿರುವುದಿಲ್ಲ. 2024ರ ಜನವರಿಯಲ್ಲಿ ಆ ಎರಡು ಕಂಪನಿಗಳು ಜಾಗತಿಕ ರಾಜಿಗೆ ಬಂದವು.

ಆದರೆ ನಿಯಮಗಳು ನ್ಯಾಯಾಲಯದ ಹೊಸ್ತಿಲಿನ ಒಳಗೆ ಮಾತ್ರ ಕೆಲಸ ಮಾಡುತ್ತವೆ. ಲಾವಾ ಪ್ರಕರಣದಲ್ಲಿ ನಾಲ್ಕು ವರ್ಷಗಳು ಕಳೆದದ್ದು ಹೊಸ್ತಿಲಿನ ಹೊರಗೆ. ಅಲ್ಲಿ ನಡೆಯುವುದನ್ನು ನಿರ್ಧರಿಸುವವರು ಆಡಳಿತ ಮಂಡಳಿಗಳು ಮತ್ತು ಅವುಗಳ ಸಲಹೆಗಾರರೇ ಆದುದರಿಂದ ಈ ಪತ್ರ ಅವರನ್ನೇ ಉದ್ದೇಶಿಸುತ್ತದೆ. ತಂತ್ರಜ್ಞಾನವನ್ನು ಬಳಸುವ ಕಂಪನಿಗಳು ಪರವಾನಗಿಯ ಪ್ರಸ್ತಾಪ ಕೈಸೇರಿದ ಕೆಲವೇ ವಾರಗಳಲ್ಲಿ ಸಕಾರಣವಾದ ಉತ್ತರವನ್ನೂ, ದರ ಒಪ್ಪಿಗೆಯಾಗದಿದ್ದರೆ ಅಂಕಿಗಳಿರುವ ಪ್ರತಿಪ್ರಸ್ತಾಪವನ್ನೂ ಕೊಡಬೇಕು, ಅದೂ ತಿರಸ್ಕೃತವಾದರೆ ತಾವು ಸರಿಯೆಂದು ನಂಬುವ ಮೊತ್ತಕ್ಕೆ ಭದ್ರತೆ ಒದಗಿಸಬೇಕು. 2015ರಲ್ಲಿ ಹುವಾವೇ ಮತ್ತು ಜಡ್‌ಟಿಇ ಪ್ರಕರಣದಲ್ಲಿ ಯುರೋಪಿನ ನ್ಯಾಯಾಲಯ ಹಾಕಿಕೊಟ್ಟ ದಾರಿಯೂ ಇದೇ. ಪೇಟೆಂಟಿನ ಒಡೆಯರು ತಮ್ಮ ಹಕ್ಕುಕೋರಿಕೆ ಮಾನಕದ ಯಾವ ಭಾಗಕ್ಕೆ ಹೊಂದುತ್ತದೆಂಬ ಪಟ್ಟಿಯನ್ನು ಮೊದಲ ಭೇಟಿಯಲ್ಲಿಯೇ ಮುಂದಿಡಬೇಕು, ಹೋಲಿಸಬಹುದಾದ ಪರವಾನಗಿಗಳನ್ನು ಎರಡೂ ಕಡೆಯ ಆಯ್ದ ವಕೀಲರು ಮತ್ತು ತಜ್ಞರಷ್ಟೇ ನೋಡುವ ಗೋಪ್ಯತಾ ಕೂಟದ ಮೂಲಕ ಬೇಗನೆ ತೋರಿಸಬೇಕು. ಎರಡೂ ಕಡೆಯವರು ಸಿಂಧುತ್ವದ ಪ್ರಶ್ನೆಗೆ ಒಂದೇ ವೇದಿಕೆಯನ್ನು ಆರಿಸಿಕೊಂಡು ಅದರ ತೀರ್ಮಾನಕ್ಕೆ ಬದ್ಧರಾಗಬೇಕು. ಸಲಹೆಗಾರರು ತಮ್ಮ ಕಕ್ಷಿದಾರರಿಗೆ ಗೆಲುವು ಸೋಲಿನ ಸಾಧ್ಯತೆಯನ್ನು ಹೇಳುವಂತೆಯೇ ವಿಳಂಬದ ನೈತಿಕ ಬೆಲೆಯನ್ನೂ ಹೇಳಬೇಕು, ಕೇವಲ ದಿನ ದೂಡಲೆಂದೇ ವಾಯಿದೆ ಕೇಳುವ ಸೂಚನೆಯನ್ನು ನಿರಾಕರಿಸಬೇಕು.

ಇದು ಭಾರತಕ್ಕೆ, ಅದರಲ್ಲಿಯೂ ಕರ್ನಾಟಕಕ್ಕೆ, ದೂರದ ಸಂಗತಿಯಲ್ಲ. ಈ ವ್ಯಾಜ್ಯಗಳಲ್ಲಿ ಹೆಸರು ಕೇಳಿಬರುವ ನೋಕಿಯಾ, ಎರಿಕ್ಸನ್‌ನಂತಹ ಕಂಪನಿಗಳ ಸಂಶೋಧನಾ ಕೇಂದ್ರಗಳು ಬೆಂಗಳೂರಿನಲ್ಲಿವೆ. ಅಲ್ಲಿಯ ಎಂಜಿನಿಯರುಗಳ ಆವಿಷ್ಕಾರಗಳು ಪೇಟೆಂಟ್‌ಗಳಾಗುತ್ತಿವೆ. ಬೆಂಗಳೂರಿನಲ್ಲಿಯೇ ಹುಟ್ಟಿದ ತೇಜಸ್ ನೆಟ್‌ವರ್ಕ್ಸ್ ಮತ್ತು ಸಾಂಖ್ಯ ಲ್ಯಾಬ್ಸ್‌ನಂತಹ ಕಂಪನಿಗಳು ದೂರಸಂಪರ್ಕದ ಸ್ವಂತ ತಂತ್ರಜ್ಞಾನವನ್ನು ಕಟ್ಟಿವೆ. 2023ರ ಮಾರ್ಚ್‌ನಲ್ಲಿ ಪ್ರಕಟವಾದ ಭಾರತ್ 6ಜಿ ಮುನ್ನೋಟವು ಮುಂದಿನ ತಲೆಮಾರಿನ ಮಾನಕಗಳಲ್ಲಿ ದೇಶದ ಪಾಲನ್ನು ಹೆಚ್ಚಿಸುವ ಗುರಿ ಇಟ್ಟುಕೊಂಡಿದೆ. ಇಂದು ರಾಯಧನ ಕೊಡಲು ಹಿಂಜರಿಯುವ ದೇಶದ ಕಂಪನಿಗಳು ನಾಳೆ ರಾಯಧನ ಕೇಳುವ ಕಡೆ ನಿಲ್ಲಬೇಕಾಗುತ್ತದೆ. ದೊಡ್ಡ ಕಂಪನಿಗಳು ಹತ್ತು ವರ್ಷದ ವ್ಯಾಜ್ಯವನ್ನು ತಾಳಿಕೊಂಡಾವು, ಆದರೆ ಒಂದೇ ಪೇಟೆಂಟಿನ ಬಲದ ಮೇಲೆ ನಿಂತ ಸಣ್ಣ ಸಂಸ್ಥೆ ಅಷ್ಟು ಕಾಲ ಬದುಕುಳಿಯಲಾರದು.

ಪ್ರಾಮಾಣಿಕವಾದ ವಾದಕ್ಕೆ ಬೇಕಾದ ಕಾಲವನ್ನು ಯಾರೂ ಕಸಿದುಕೊಳ್ಳಬೇಕಾಗಿಲ್ಲ. ಕ್ಲಿಷ್ಟವಾದ ತಾಂತ್ರಿಕ ಪ್ರಶ್ನೆಗಳಿಗೆ ತಾಳ್ಮೆಯ ವಿಚಾರಣೆ ಅಗತ್ಯವೇ ಸರಿ. ಆದರೆ ಉತ್ತರ ತಿಳಿದಿದ್ದೂ ಅದನ್ನು ತಡಮಾಡುವುದು ವಾದವೆನಿಸಿಕೊಳ್ಳದು, ಅದು ಇನ್ನೊಬ್ಬರ ಹಕ್ಕಿನ ಅವಧಿಯನ್ನು ಅಪಹರಿಸುವ ಕೃತ್ಯ. ಆದುದರಿಂದ ಪ್ರತಿಯೊಂದು ಆಡಳಿತ ಮಂಡಳಿಯೂ ತನ್ನ ಹೆಸರಿನಲ್ಲಿ ಬಾಕಿಯಿರುವ ಪೇಟೆಂಟ್ ದಾವೆಗಳ ಪಟ್ಟಿಯನ್ನು ಮುಂದಿನ ಸಭೆಯಲ್ಲಿಯೇ ತರಿಸಿಕೊಂಡು, ಪ್ರತಿಯೊಂದರಲ್ಲಿಯೂ ಪೇಟೆಂಟಿನ ಎಷ್ಟು ಅವಧಿ ಉಳಿದಿದೆ, ಕೊನೆಯ ಮೂರು ಮುಂದೂಡಿಕೆಗಳನ್ನು ಕೇಳಿದವರು ಯಾರು, ಏಕೆ ಎಂಬುದನ್ನು ವಿಚಾರಿಸಬೇಕೆಂದೂ, ಸಮರ್ಥಿಸಲಾಗದ ಮುಂದೂಡಿಕೆಯನ್ನು ಇನ್ನು ಮುಂದೆ ತನ್ನ ಹೆಸರಿನಲ್ಲಿ ಕೇಳಬಾರದೆಂದು ಲಿಖಿತವಾಗಿ ನಿರ್ಣಯಿಸಬೇಕೆಂದೂ ಈ ಪತ್ರವು ಗೌರವದಿಂದ ವಿನಂತಿಸುತ್ತದೆ.